ಮಿಂಚೊ ತೀರಿಕೊಂಡ ದಿನ

ಪ್ಲೊವ್ದಿವ್ ನಗರದ ಒಂದು ಶವಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಝಿವ್ಕಾಗೆ ಸತ್ತವರ ಜೊತೆ ಮಾತಾಡುವ ಚಾಳಿಯಿತ್ತು. "ಸ್ವಲ್ಪ ತಡ್ಕೊಳ್ಳಪ್ಪಾ, ಆಯ್ತು" ಎನ್ನುತ್ತಲೇ ತೊಡೆಯ ಸ್ನಾಯುವಿನ ಚೂರನ್ನು ಸೀಸೆಗೆ ಹಾಕುತ್ತಿದ್ದಳು. ಸತ್ತ ಮೇಲೆ ಡಿಎನ್‌ಎಯ ಉದ್ದನೆಯ ಎಳೆಗಳು ತುಂಡಾಗುತ್ತ ಹೋಗುತ್ತವೆ. ಎಷ್ಟು ತುಂಡಾಗಿವೆ ಎಂದು ನೋಡಿ, ಪ್ರಾಣ ಹೋಗಿ ಎಷ್ಟು ದಿನವಾಯಿತೆಂದು ಅಂದಾಜು ಮಾಡುವುದು ಅವಳ ಕೆಲಸ.

ಒಂದು ಅಕ್ಟೋಬರಿನಲ್ಲಿ ಮಿಂಚೊ ಎಂಬ ಮುದಿ ಕುರಿಗಾಹಿ ಬೆಟ್ಟದ ಗುಡಿಸಲಿನಲ್ಲಿ ಎದೆಬಡಿತ ನಿಂತು ಸತ್ತಿದ್ದ. ಹೆಣ ಸಿಕ್ಕಿದ್ದು ಗುರುವಾರ. ಝಿವ್ಕಾಳ ಲೆಕ್ಕದಲ್ಲಿ ಮೂರು ದಿನ, ಅಂದರೆ ಸತ್ತದ್ದು ಸೋಮವಾರ. ಸತ್ತ ನಲವತ್ತನೇ ದಿನ ಅವರ ಹೆಸರಲ್ಲಿ ಹಂಚುವ ಗೋಧಿ ಬೇಯಿಸಲು ತಾರೀಕು ಕೇಳಿಕೊಂಡು ಬಂದ ಅವನ ಹೆಂಡತಿ ವೆಲಿಕಾ ಅದನ್ನು ಕೇಳಿ ಕುರ್ಚಿ ಎಳೆದುಕೊಂಡು ಕೂತಳು.

"ಭಾನುವಾರ ಫೋನ್ ಮಾಡಿದ್ದೆ ಮಗಳೇ, ಎತ್ತಲಿಲ್ಲ. ಮುದುಕ ಮುನಿಸ್ಕೊಂಡಿದಾನೆ ಅಂತ ಸುಮ್ನಾದೆ. ಆಗ್ಲೇ ಹತ್ತಿ ಹೋಗಿದ್ರೆ ಉಳೀತಿದ್ದ."

ಝಿವ್ಕಾ ಅವಳಿಗೆ ಕಾಫಿ ಕೊಟ್ಟು ಪಕ್ಕದಲ್ಲೇ ಕೂತಳು. "ಮುನಿಸು ಯಾತಕ್ಕೆ ಅಜ್ಜೀ?"

"ಆ ಗುಡಿಸ್ಲಲ್ಲಿ ಬೇಸಿಗೇಲೂ ಕಂಬಳಿ ಬೇಕು, ಕೆಳಗಡೆ ತಣ್ಣನೆ ನೀರಿನ ಊಟೆ ಹರಿಯತ್ತೆ. ಮನೆಗೆ ಬಾರೋ ಅಂದೆ. ಇಲ್ಲಿ ಚೀಸೇ ಕೆಡಲ್ಲ, ನಾನ್ಯಾಕೆ ಕೆಡ್ಲಿ ಅಂದ."

ಝಿವ್ಕಾ ತನ್ನ ಲೆಕ್ಕದ ಹಾಳೆ ತೆಗೆದು ನೋಡಿದಳು. ಅವಳು ಲೆಕ್ಕಕ್ಕೆ ಹಿಡಿದಿದ್ದು ಕೆಳಗಿನ ಹಳ್ಳಿಯ ಬೆಚ್ಚನೆ ಹವೆ. ಚಳಿಯಲ್ಲಿ ಎಳೆಗಳು ತುಂಡಾಗುವುದು ನಿಧಾನ.

ಮರುದಿನವೇ ಥರ್ಮಾಮೀಟರು ಹಿಡಿದು ಬೆಟ್ಟ ಹತ್ತಿದಳು. ಎರಡು ದಿನ ಅಲ್ಲೇ ಇಟ್ಟು ನೋಡಿದರೆ ಏಳು ಡಿಗ್ರಿ ದಾಟಲಿಲ್ಲ. ಹೊಸ ಲೆಕ್ಕ ಮುದುಕಿಗೆ ನೆಮ್ಮದಿ ಕೊಡುವಂತೆಯೇ ಬಂದಾಗ ಅವಳಿಗೆ ತನ್ನ ಮೇಲೆಯೇ ಅನುಮಾನ ಬಂತು. ಹೆಸರು ಅಳಿಸಿ ಅಂಕಿಗಳನ್ನಷ್ಟೇ ಲ್ಯಾಬಿನ ಹಿರಿಯ ಡಾಕ್ಟರ್ ಪ್ರೊದನ್ ಮುಂದಿಟ್ಟಳು.

"ಯಾರದ್ದು?"

"ಹೇಳಲ್ಲ ಸಾರ್. ನೀವೇ ಲೆಕ್ಕ ಹಾಕಿ."

ಸಂಜೆಗೆ ಅವರೆಂದರು, "ಐದರಿಂದ ಏಳು ದಿನ. ನಿಂದು?"

"ಅಷ್ಟೇ. ಹಳೇ ರಿಪೋರ್ಟು ತಪ್ಪು. ನಾನೇ ಬರ್ದು ಕೊಡ್ತೀನಿ."

ವೆಲಿಕಾಳ ಮನೆಗೆ ತಾನೇ ಹೋದಳು. "ಹಿಂದಿನ ವಾರದ ಗುರುವಾರಾನೋ, ಶುಕ್ರವಾರಾನೋ, ಶನಿವಾರಾನೋ, ಹೇಳಕ್ಕಾಗಲ್ಲ ಅಜ್ಜೀ. ಆದ್ರೆ ಭಾನುವಾರದ ತನಕ ಇದ್ದ ಹಾಗೆ ಕಾಣಲ್ಲ."

ವೆಲಿಕಾ ತಲೆವಸ್ತ್ರದ ಅಂಚು ತೀಡಿದಳು. "ಹಾಗಾದ್ರೆ ಮುನಿಸ್ಕೊಂಡು ಫೋನ್ ಎತ್ತದೆ ಇದ್ದಿದ್ದಲ್ಲ ಅವ್ನು," ಎಂದಳು, ಆಮೇಲೆ ಅತ್ತಳು.

ಸತ್ತದ್ದು ಯಾವ ದಿನವೆಂದು ಗೊತ್ತಿಲ್ಲದ್ದಕ್ಕೆ ವೆಲಿಕಾ ನಲವತ್ತನೆಯದನ್ನು ಮೂರು ದಿನವೂ ಮಾಡಿದಳು. ಝಿವ್ಕಾ ಕೊನೆಯ ದಿನ ಹೋಗಿ ಬೆಂದ ಗೋಧಿಗೆ ಅಕ್ರೋಟು, ಸಕ್ಕರೆ ಬೆರೆಸಿದಳು.

"ಇನ್ನೊಂದು ಬಟ್ಟಲು ತಿನ್ನು," ಎಂದು ಗದರಿದಳು ವೆಲಿಕಾ. "ಇಷ್ಟು ಸಣ್ಣಗಿದ್ರೆ ನಿಮ್ ಡಾಕ್ಟ್ರು ನಿನ್ನೇ ಹೆಣದ ಮೇಜಿನ ಮೇಲೆ ಮಲಗಿಸ್ತಾರೆ."