ಗೋಡೆಯ ಗುಂಯ್ ಮತ್ತು ನನ್ನ ಹೊಸ ಚಪ್ಪಲಿ

ಕೊನೆಯ ದಿನವೂ ನಾವು ಒಂದು ಟೇಬಲ್ ಫ್ಯಾನಿಗಾಗಿ ಜಗಳವಾಡಿದೆವು. ನನ್ನ ಗಂಡ ಮೋಟಾರು ರಿಪೇರಿಯವರು. ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. "ಇದರ ತಂತಿ ಹೋಗಿದೆ" ಅಂದರು. "ಬೇರಿಂಗು" ಅಂದೆ ನಾನು. ಬಿಚ್ಚಿದರೆ ಬೇರಿಂಗೇ. ಸೋತದ್ದಕ್ಕೆ ಅವರಿಗೆ ಅಷ್ಟು ಖುಷಿ! ಫ್ಯಾನು ತಂದವನಿಗೆ, ಎದುರಿನ ದರ್ಜಿಗೆ, ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಿದರು, "ನಮ್ಮನೆಯವಳ ಕಿವಿ ಅಂದ್ರೆ ಏನ್ರೀ!" ರಾತ್ರಿ ಊಟಕ್ಕೆ ಕೂತು ಅದನ್ನೇ ಮತ್ತೆ ಹೇಳಿ ನಕ್ಕರು. ಮಲಗಿದರು. ಬೆಳಗ್ಗೆ ಏಳಲಿಲ್ಲ.

ಅದನ್ನು ಎಳೆದು ಬರೆಯಲು ನನಗೆ ಬರುವುದಿಲ್ಲ. ಈ ಕಿವಿಗೆ ಬೆಲೆ ಬಂದದ್ದು ಹೇಗೆ ಅಂತ ಬರೆಯುತ್ತೇನೆ.

ನಮ್ಮದು ಮೂರನೇ ಮಹಡಿಯ ಮನೆ. ಏಳು ವರ್ಷದ ಹಿಂದೆ, ರಾತ್ರಿ ಒಂದು ಸದ್ದು ಶುರುವಾಯಿತು. ಗುಂಯ್ ಅಂತ. ದಿಂಬಿನೊಳಗೆ ಜೇನ್ನೊಣ ಸೇರಿಕೊಂಡ ಹಾಗೆ. ನಡುರಾತ್ರಿ ದಾಟಿದ ಮೇಲೆ ಬರುವುದು, ಒಂದು ಗಂಟೆ ಇದ್ದು ಹೋಗುವುದು. ಕಿವಿಗೆ ಹತ್ತಿ ಇಟ್ಟರೆ ಇನ್ನೂ ಜೋರು. ನಿದ್ದೆಯಿಲ್ಲದೆ ಅಡುಗೆಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೆ.

ಕೆಳಮನೆಯ ಟೀಚರ್, "ನಮಗೇನೂ ಕೇಳಿಸಲ್ಲ ಅಕ್ಕಾ, ಬಿಪಿ ತೋರಿಸ್ಕೊಳ್ಳಿ" ಅಂದರು. ಮಗಳು ಫೋನಿನಲ್ಲಿ, "ವಯಸ್ಸಾಯ್ತಲ್ಲಮ್ಮಾ" ಅಂದಳು. ನನಗೆ ತಲೆ ಕೆಡುತ್ತಿದೆಯೇನೋ ಅಂತ ಭಯ ಹತ್ತಿತು. ಒಬ್ಬರಾದರೂ "ಹೌದು, ಇದೆ" ಅಂದರೆ ಸಾಕಾಗಿತ್ತು.

ನನ್ನ ಗಂಡ ಅಂದರು. "ಇದೆ ಕಣೇ, ಫ್ರಿಜ್ಜಿನದು." ಫ್ರಿಜ್ಜು ಆರಿಸಿದೆವು. ಹಾಲು ಒಡೆಯಿತು, ಸದ್ದು ಹೋಗಲಿಲ್ಲ. "ಹಾಗಾದ್ರೆ ಕರೆಂಟ್ ಮೀಟರಿನದು." ಅದೂ ಅಲ್ಲ.

ಒಂದು ರಾತ್ರಿ ಅನುಮಾನ ಬಂದು ಎಬ್ಬಿಸಿದೆ. "ರೀ, ಈಗ ಇದೆಯಾ?"

"ಇದೆ, ಇದೆ. ಜೋರಾಗೇ ಇದೆ."

"ಅದು ನಿಂತು ಅರ್ಧ ಗಂಟೆ ಆಯ್ತು."

ಎದ್ದು ಕೂತರು. "ಇಷ್ಟು ದಿನ ಹುಚ್ಚಿಗೆ ಸಮಾಧಾನ ಹೇಳ್ತಿದ್ರಾ?" ಅಂದೆ.

"ಹುಚ್ಚಿ ಅಲ್ಲ ಕಣೇ. ಕೆಟ್ಟಿರೋದು ನನ್ನ ಕಿವಿ."

ಮೂವತ್ತು ವರ್ಷ ಮೋಟಾರುಗಳ ಮಧ್ಯೆ ಕೂತು ಸಣ್ಣ ಸದ್ದು ಕೇಳಿಸುವುದೇ ನಿಂತಿತ್ತು. ಯಾರಿಗೂ ಹೇಳಿರಲಿಲ್ಲ. ಅಂಗಡಿಯಲ್ಲಿ ಉದ್ದದ ಸ್ಕ್ರೂಡ್ರೈವರಿನ ತುದಿ ಮೋಟಾರಿಗೆ ತಾಗಿಸಿ ಹಿಡಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದರು. ಅದುರು ಹಲ್ಲಿಗೆ ಬರುತ್ತಿತ್ತು. ಬಂದ ಗಿರಾಕಿಗಳು ಕೈ ಖಾಲಿಯಿಲ್ಲದ್ದಕ್ಕೆ ಬಾಯಲ್ಲಿ ಹಿಡಿದಿದ್ದಾರೆ ಅಂದುಕೊಳ್ಳುತ್ತಿದ್ದರು.

"ಹಾಗಾದ್ರೆ ಗೋಡೆಗೂ ಹಿಡೀರಿ" ಅಂದೆ.

ಮರುರಾತ್ರಿ ಸದ್ದು ಬಂದೊಡನೆ ಎಬ್ಬಿಸಿದೆ. ಸ್ಕ್ರೂಡ್ರೈವರು ಕಚ್ಚಿಕೊಂಡು ಅವರು ಮುಂದೆ, ಟಾರ್ಚು ಹಿಡಿದು ನಾನು ಹಿಂದೆ. ಬಾಗಿಲು, ಕಪಾಟು, ಕಿಟಕಿ. ಮಂಚದ ತಲೆಕಡೆಯ ಗೋಡೆಗೆ ತಾಗಿಸಿದ್ದೇ ಕಣ್ಣು ಅಗಲವಾಯಿತು.

"ಬಂತು ಕಣೇ! ಹಲ್ಲಿಗೆ ಬಂತು!" ಮಂಚದ ಮೇಲೆ ನಿಂತು ಕುಣಿದರು. ನನಗೆ ಅಳು ಬಂತು, ನಗುವೂ ಬಂತು.

"ನನ್ನ ತಲೆ ಸರಿ ಇದೆ ತಾನೇ?"

"ನಿನ್ನ ತಲೆ ಗಟ್ಟಿ ಇದೆ. ಯಾರ ತಪ್ಪು ಅಂತ ನೋಡೋಣ ಬಾ."

ಆ ಗೋಡೆಯ ಆಚೆ ನಾವು ಬಟ್ಟೆ ಒಗೆಯುವ ಜಾಗ. ಅಲ್ಲಿ ಕೆಳಗಿನ ಪಂಪಿನಿಂದ ಮೇಲಿನ ಟ್ಯಾಂಕಿಗೆ ಹೋಗುವ ಪೈಪು. ಪೈಪಿಗೆ ತಾಗಿಸಿದರು. ಮುಖ ಇಳಿದುಹೋಯಿತು. ಕೆಳಗಿದ್ದದ್ದು ಸ್ವಲ್ಪ ದಿನದ ಹಿಂದೆ ಅವರೇ ತಂತಿ ಸುತ್ತಿದ ಪಂಪು. ರಾತ್ರಿ ನಲ್ಲಿಗೆ ನೀರು ಬಂದಾಗ ತಾನಾಗಿ ಓಡುವುದು. "ಪಕ್ಕದಲ್ಲಿ ನಿಂತ್ರೂ ಸದ್ದು ಬರಲ್ಲ" ಅಂತ ಮನೆಮನೆಗೂ ಹೇಳಿದ್ದರು. ನಿಜವೇ, ಪಕ್ಕದಲ್ಲಿ ಬರುತ್ತಿರಲಿಲ್ಲ. ಆದರೆ ಪೈಪು ಅಲುಗಬಾರದು ಅಂತ ಕಬ್ಬಿಣದ ಪಟ್ಟಿ ಹಾಕಿ ನಮ್ಮ ಗೋಡೆಗೆ ಬಿಗಿದವರೂ ಅವರೇ. ಪಂಪಿನ ಅದುರೆಲ್ಲ ನೇರ ನನ್ನ ದಿಂಬಿಗೆ.

"ಕಳ್ಳ ಮನೆಯಲ್ಲೇ ಸಿಕ್ಕ" ಅಂದೆ.

"ಯಾರಿಗೂ ಹೇಳ್ಬೇಡ ತಾಯಿ, ಮರ್ಯಾದೆ ಪ್ರಶ್ನೆ."

ಬೆಳಗ್ಗೆ ಏಳಕ್ಕೆ ಟೀಚರಿಗೆ ಹೇಳಿ ಬಂದೆ. ವಾಪಸು ಬರುವಷ್ಟರಲ್ಲಿ ಅವರು ನನ್ನ ಹೊಸ ನೀಲಿ ಚಪ್ಪಲಿ ಕತ್ತರಿಸಿ, ಪೈಪಿಗೂ ಪಟ್ಟಿಗೂ ನಡುವೆ ತುರುಕುತ್ತಿದ್ದರು.

"ನಿಮ್ದು ಇರಲಿಲ್ವಾ?"

"ನಂದು ಸವೆದುಹೋಗಿದೆ. ಕೆಲಸ ಅಂದ್ರೆ ಒಳ್ಳೆ ಮಾಲು ಹಾಕ್ಬೇಕು ಕಣೇ."

ಆ ರಾತ್ರಿ ಸದ್ದಿಲ್ಲ. ಬೆಳಗ್ಗೆ ಎಂಟರವರೆಗೆ ಮಲಗಿದ್ದೆ.

ಮುಂದಿನ ವಾರ ನನ್ನನ್ನು ಅಂಗಡಿಯಲ್ಲಿ ಕೂರಿಸಿದರು. "ಕೇಳೋದು ನೀನು, ಸುತ್ತೋದು ನಾನು." ಗಿರಾಕಿಗಳು ನನ್ನನ್ನು ಕಿವಿ ಡಾಕ್ಟ್ರು ಅಂದರು. ಆರು ವರ್ಷ ಹಾಗೆ ಕಳೆಯಿತು. ಈಗ ತಂತಿ ಸುತ್ತುವವರು ನನ್ನ ಮೈದುನ. ಕೇಳುವುದು ನಾನೇ.

ಚಪ್ಪಲಿ ತುಂಡು ರಾತ್ರಿಯ ಅದುರಿಗೆ ಬೆರಳಗಲ ಹೊರಗೆ ಜರುಗುತ್ತದೆ. ಅವರು ಬೆಳಗ್ಗೆ ಎದ್ದು ಅದನ್ನು ಒಳಗೆ ತಳ್ಳಿ, ಆಮೇಲೆ ಹಲ್ಲುಜ್ಜುತ್ತಿದ್ದರು. "ಭಾನುವಾರ ಬೋಲ್ಟು ಹಾಕಿ ಸರಿ ಮಾಡ್ತೀನಿ" ಅನ್ನುತ್ತಿದ್ದರು. ಆ ಭಾನುವಾರ ಬರಲೇ ಇಲ್ಲ. ಹೋದ ತಿಂಗಳು ಅಳಿಯ ಹೊಸ ರಬ್ಬರು ತಂದ. "ಐದು ನಿಮಿಷದ ಕೆಲಸ ಅತ್ತೆ."

"ಅದನ್ನ ಮುಟ್ಟಬೇಡಪ್ಪಾ" ಅಂದೆ.

ಬೆಳಗ್ಗೆ ಎದ್ದು ಒಗೆಯುವ ಜಾಗಕ್ಕೆ ಹೋಗುತ್ತೇನೆ. ನೀಲಿ ತುಂಡು ಹೊರಗೆ ಬಂದಿರುತ್ತದೆ. ಹೆಬ್ಬೆರಳಿನಲ್ಲಿ ಒತ್ತಿ ಒಳಗೆ ತಳ್ಳುತ್ತೇನೆ. ಆಮೇಲೆ ಹಾಲು ಕಾಯಿಸಲು ಇಡುತ್ತೇನೆ.