ಹುಳುವಿನ ಮನೆಗೆ ಹೊಸ ಕ್ಯಾಮೆರಾ

ಮಗಳು ಹೆರಿಗೆಗೆ ಬಂದ ಮೇಲೆ ನನ್ನ ಚಿಂತೆಯೆಲ್ಲ ತೋಟದಲ್ಲಿದ್ದ ರೇಷ್ಮೆ ಹುಳುವಿನ ಮನೆಯದೇ. ಮಗು ಹುಟ್ಟಿದರೆ ಪುರುಡು. ಬಾಣಂತಿಯನ್ನು ಮುಟ್ಟಿದವರು ಅದು ಕಳೆಯುವವರೆಗೆ ಹುಳುವಿನ ಮನೆಯ ಹೊಸಿಲು ದಾಟುವಂತಿಲ್ಲ. ನಮ್ಮ ಮನೆಯಲ್ಲಿ ಇದನ್ನು ಮೀರಿದವರಿಲ್ಲ. ಹುಳು ನೋಡಿಕೊಳ್ಳುತ್ತಿದ್ದವಳು ನಾನು. ಯಜಮಾನರಿಗೆ ಟೆಂಪೋ ಓಡಿಸುವುದು ಬಿಟ್ಟರೆ ಬೇರೇನೂ ತಿಳಿಯದು.

ಅಲ್ಲಿ ಹಳೆಯ ಕ್ಯಾಮೆರಾ ಒಂದಿತ್ತು. ಅದರ ವೈರ್ ಪಕ್ಕದ ಕೋಣೆಯ ಟಿವಿವರೆಗೆ ಮಾತ್ರ. ಚಿತ್ರದಲ್ಲಿ ಹುಳು ಯಾವುದು, ಸೊಪ್ಪು ಯಾವುದು ಎಂದು ಗೊತ್ತಾದರೆ ಪುಣ್ಯ. ಮನೆಯಲ್ಲಿ ಕೂತು ಫೋನಿನಲ್ಲಿ ನೋಡಬೇಕಾದರೆ ನೆಟ್‌ವರ್ಕ್ ಕ್ಯಾಮೆರಾನೇ ಬೇಕೆಂದು ಸೂಲಿಬೆಲೆಯ ಅಂಗಡಿಗೆ ಹೋದೆವು.

“ಹಳೇದೇ ಇರ್ಲಿ ಬಿಡಕ್ಕ, ವೈರ್ ಬೇರೆ ಎಳ್ದಾಗಿದೆ. ಇದಕ್ಕೆ ಇಂಟರ್‌ನೆಟ್ ಹಾಕ್ಸ್ಬೇಕು. ಕಳ್ಳನ ಮುಖ ಗೊತ್ತಾದ್ರೆ ಸಾಕಲ್ವಾ?” ಎಂದ ಅಂಗಡಿಯವನು.

“ಕಳ್ಳನ ಮುಖ ಕಟ್ಕೊಂಡು ನನಗೇನಪ್ಪಾ? ನನ್ ಹುಳದ ಮುಖ ಕಾಣ್ಬೇಕು” ಎಂದೆ. ಇಲ್ಲಿ ಮಾತಾಡಿದರೆ ಅಲ್ಲಿಗೆ ಕೇಳಿಸುವಂಥದ್ದನ್ನೇ ತಂದೆವು.

ಮೊಮ್ಮಗಳು ಹುಟ್ಟಿದಳು. ಯಜಮಾನರು ಹಾಸಿಗೆ ಕಟ್ಟಿಕೊಂಡು ತೋಟದ ಕೋಣೆ ಸೇರಿದರು. ಮೊಮ್ಮಗಳ ಮುಖವನ್ನೂ ಫೋನಿನಲ್ಲೇ ನೋಡಿದರು. ನಾನು ಒಂದು ಕೈಯಲ್ಲಿ ಮಗುವನ್ನು ತಟ್ಟುತ್ತ, ಇನ್ನೊಂದರಲ್ಲಿ ಫೋನು ಹಿಡಿದು ಅವರನ್ನು ಗದರುತ್ತಿದ್ದೆ. ಸೊಪ್ಪು ತೆಳ್ಳಗೆ ಹಾಕಿ, ಆ ಮೂಲೆ ಬಿಟ್ರಿ ನೋಡಿ, ಬಾಗಿಲು ಮುಚ್ಚಿ. ಅವರು ಕ್ಯಾಮೆರಾದ ಕಡೆ ತಿರುಗಿ ಕೈ ಮುಗಿಯುತ್ತಿದ್ದರು. ಒಂದು ಗಳಿಗೆ ಫೋನು ಕೆಳಗಿಟ್ಟರೂ ನನಗೆ ಭಯ.

ಹುಳು ಕೊನೆಯ ಜ್ವರಕ್ಕೆ ಕೂತಿತು. ಪೊರೆ ಬಿಡುವ ಮುಂಚೆ ಅವು ತಿನ್ನುವುದನ್ನು ನಿಲ್ಲಿಸಿ ಕದಲದೆ ಕೂರುತ್ತವೆ, ಅದನ್ನೇ ನಾವು ಜ್ವರ ಎನ್ನುವುದು. ಆಗ ಹುಳುವಿನ ಕೆಳಗಿನ ಸೊಪ್ಪಿನ ಹಾಸು ಒಣಗಿರಲೆಂದು ಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸಬೇಕು. ಬೆಳಿಗ್ಗೆ ಫೋನು ತೆರೆದರೆ ಹುಳು ಸಾಕುವ ಸ್ಟ್ಯಾಂಡಿನ ತುಂಬ ಹುಳುಗಳು ಬೆಳ್ಳಗೆ ಬಿದ್ದಿವೆ. ಹುಳು ಬೆಳ್ಳಗಾಗಿ, ಸೆಟೆದು ಸಾಯುವ ರೋಗವೊಂದಿದೆ. ಅದು ಹೊಕ್ಕರೆ ಮನೆಗೆ ಮನೆಯೇ ಖಾಲಿ.

“ರೀ, ಅದು ಸುಣ್ಣನಾ, ರೋಗನಾ? ಮುಟ್ಟಿ ನೋಡಿ!”

“ಸುಣ್ಣ ಹಾಕಿದ್ದೀನಿ ಕಣೆ, ಜಾಸ್ತಿ ಆಯ್ತೇನೋ. ಕೆಲವು ಮೆತ್ತಗಿವೆ. ಕೆಲವು ಗಟ್ಟಿ ಅನ್ಸುತ್ತೆ.”

“ಅನ್ಸೋದಲ್ಲ ರೀ!”

ಹುಳುವಿನ ಮೈಮೇಲಿನ ಗೆರೆ ಎಣಿಸುವಷ್ಟು ಸ್ಪಷ್ಟವಾದ ಚಿತ್ರ. ಆದರೆ ಸತ್ತಿದೆಯೋ ಬದುಕಿದೆಯೋ ಎಂದು ಬೆರಳು ಹೇಳಬೇಕು. ಮಗುವನ್ನು ಮಗಳ ಪಕ್ಕ ಮಲಗಿಸಿ ತೋಟಕ್ಕೆ ಓಡಿದೆ.

ಅವರು ಬಾಗಿಲಿಗೆ ಅಡ್ಡ ನಿಂತರು. “ಒಳಗ್ ಬರ್ಬೇಡ ಕಣೆ.” ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅವರು ನನ್ನ ಮುಖವನ್ನೇ ನೋಡಿ ಒಳಗೆ ಹೋದರು. ಎಲ್ಲಕ್ಕಿಂತ ಗಟ್ಟಿ ಎನಿಸಿದ ಹುಳುವನ್ನು ಹಿಪ್ಪುನೇರಳೆ ಎಲೆಯ ಮೇಲೆ ತಂದು, ಹೊಸಿಲಿನ ಹೊರಗೆ ನೆಲದಲ್ಲಿಟ್ಟು ಹಿಂದೆ ಸರಿದರು.

ಬೆರಳಿನಿಂದ ಸುಣ್ಣ ಒರೆಸಿದೆ. ಮೆತ್ತಗಿತ್ತು. ತಲೆಯನ್ನು ಒಂದಿಷ್ಟು ಹೊರಳಿಸಿತು.

“ಬದುಕಿದೆ ಕಣ್ರೀ” ಎಂದು ಅಲ್ಲೇ ಕುಸಿದು ಕೂತೆ. ಅವರೂ ಒಳಗಡೆ ಹಾಗೇ ಕೂತರು, ನಡುವೆ ಹೊಸಿಲು.

ನಾನು ಮುಟ್ಟಿದ್ದು ಮತ್ತೆ ಒಳಗೆ ಹೋಗುವಂತಿರಲಿಲ್ಲ. “ಕೋಳಿಗೆ ಹಾಕ್ಬಿಡು” ಎಂದರು. ಮನಸ್ಸು ಒಪ್ಪಲಿಲ್ಲ. ಸೆರಗು ಮುಚ್ಚಿ ಮನೆಗೆ ತಂದೆ. ಬಾಣಂತಿ ಕೋಣೆಯ ಕಿಟಕಿಯಲ್ಲಿಟ್ಟು, ಗೂಡು ಕಟ್ಟುವವರೆಗೆ ಅದೊಂದಕ್ಕೆ ನನ್ನ ಕೈಯಾರೆ ಸೊಪ್ಪು ಹಾಕಿದೆ.