ನಲವತ್ತು ದಿನ ಬಾಯಿ ಬಿಡಿಸುವಂತಿಲ್ಲ

ಬೆಳಗಿನ ಐದು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬಟ್ಟೆ ಒಣಗಿಸುವ ಯಂತ್ರದ ಬಾಗಿಲು ತೆರೆದೊಡನೆ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಇಬ್ಬರು ಹೆಂಗಸರು ಒಂದು ಬೆಡ್‌ಶೀಟಿನ ನಾಲ್ಕು ತುದಿ ಹಿಡಿದು ಎದುರುಬದುರು ನಿಂತಿದ್ದಾರೆ. ಮಾತೆಲ್ಲ ಒಬ್ಬಳದೇ.

"ಹಿಡಿ. ಎಳಿ. ಇನ್ನೂ ಎಳಿ, ಹರಿಯಲ್ಲ ಅದು, ನಮಗಿಂತ ಗಟ್ಟಿ. ಹಾಂ, ಈಗ ನನ್ನ ಹತ್ತಿರ ಬಾ. ತುದಿ ಕೈಗೆ ಕೊಡು. ಬಗ್ಗಿ ಕೆಳಗಿನ ಅಂಚು ತಗೋ. ನಿನ್ನೆ ನನ್ನ ಮಗಳು ಏನು ಮಾಡಿದ್ಲು ಗೊತ್ತಾ..."

ಇನ್ನೊಬ್ಬಳು ಹಿಡಿಯುತ್ತಾಳೆ, ಎಳೆಯುತ್ತಾಳೆ, ಬಗ್ಗುತ್ತಾಳೆ. ಮಗಳ ಕಥೆಗೆ ಸರಿಯಾದ ಕಡೆ ನಗುತ್ತಾಳೆ. ಬಾಯಿ ಮಾತ್ರ ಬಿಡುವುದಿಲ್ಲ. ಬೇರೆ ನಾಡಿನಿಂದ ಬೇರೆ ಭಾಷೆಯೊಂದಿಗೆ ಬಂದಿರುವ ಈಕೆಗೆ ಇಲ್ಲಿ ಇವತ್ತು ಮೂವತ್ತನೆಯ ದಿನ. ಹತ್ತು ಗಂಟೆಗೆ ಮೇಲ್ವಿಚಾರಕರು ಕೆಳಗಿಳಿದು ಬಂದು ಹತ್ತು ಪ್ರಶ್ನೆ ಕೇಳಲಿದ್ದಾರೆ. ಉತ್ತರ ಬಾರದಿದ್ದರೆ ಕೆಲಸ ಹೋಗುತ್ತದೆ. ಅದು ಹೊಸ ನಿಯಮ.

ಮಾತಾಡುತ್ತಿರುವವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಐವತ್ತರ ಆಸುಪಾಸು, ಬಲ ಮುಂಗೈ ಮೇಲೆ ಹಳೆಯ ಸುಟ್ಟ ಗಾಯದ ಗುರುತು. ಅವಳದು ಬೇರೆಯೇ ನಿಯಮ: ಭಾಷೆ ಬಾರದ ಹೊಸಬರ ಬಾಯಿಯನ್ನು ನಲವತ್ತು ದಿನ ಯಾರೂ ಬಿಡಿಸುವಂತಿಲ್ಲ. ಅವರ ಮುಂದೆ ಎಷ್ಟು ಬೇಕಾದರೂ ಮಾತಾಡಬಹುದು, "ಹೇಳು, ಎಲ್ಲಿ ಹೇಳು" ಎಂದು ಪೀಡಿಸುವಂತಿಲ್ಲ. ಪೀಡಿಸಿದವರು ಹೊಸಬರ ಪಾಲಿನ ಇಪ್ಪತ್ತು ಬೆಡ್‌ಶೀಟು ಮಡಚಬೇಕು. ಒಮ್ಮೆ ಮೇಲ್ವಿಚಾರಕರೇ ಪೀಡಿಸಿದಾಗ ಅವರ ಕೈಗೂ ಎರಡು ತುದಿ ಕೊಟ್ಟವಳು ಇವಳು. ಅವರು ಕೊಡವಿಕೊಂಡು ಹೋದರು. "ಇಪ್ಪತ್ತು ಇನ್ನೂ ಬಾಕಿ ಇದೆ," ಎನ್ನುತ್ತಾಳೆ ದೊಡ್ಡಕ್ಕ.

ಈ ಹಟ ಹುಟ್ಟಿದ್ದು ಅವಳ ಸ್ವಂತ ಅವಮಾನದಿಂದ. ಇಪ್ಪತ್ತೆರಡು ವರ್ಷದ ಹಿಂದೆ ಮೆಕ್ಯಾನಿಕ್ ಗಂಡನ ಜೊತೆ ಇಲ್ಲಿಗೆ ಬಂದಾಗ ಅವಳಿಗೆ ಈ ಭಾಷೆಯ ಒಂದು ಮಾತೂ ಬರುತ್ತಿರಲಿಲ್ಲ. ಆಗಿನ ಮುಖ್ಯಸ್ಥೆ ದಿನಾ ಬೆಳಗ್ಗೆ ಎಲ್ಲರೆದುರು ನಿಲ್ಲಿಸಿ ಇಪ್ಪತ್ತು ವಾಕ್ಯ ಒಪ್ಪಿಸಲು ಹೇಳುತ್ತಿದ್ದಳು. ತಪ್ಪಿದಾಗ ಕೋಣೆಯೆಲ್ಲ ನಗು.

"ಗಿಳಿ ಹಾಗೆ ಒಪ್ಪಿಸ್ತಿದ್ದೆ. ಈ ಕೈ ಸುಟ್ಟುಕೊಂಡ ದಿನ ಯಾರೋ ಓಡಿ ಬಂದು ಏನಾಯ್ತು ಅಂದ್ರೆ, 'ನಾನು ಚೆನ್ನಾಗಿದ್ದೇನೆ, ಧನ್ಯವಾದಗಳು' ಅಂದೆ. ಬಾಯಿಪಾಠ ಮಾಡಿದ್ದು ಅದೇ ತಾನೇ? ಅವತ್ತೂ ನಕ್ಕರು. ಆಮೇಲೆ ಒಂದೂವರೆ ವರ್ಷ ಬಾಯಿಗೆ ಹೊಲಿಗೆ ಹಾಕ್ಕೊಂಡೆ."

ಹೊಲಿಗೆ ಬಿಚ್ಚಿಸಿದವಳು ಎದುರು ನಿಂತು ಬೆಡ್‌ಶೀಟು ಮಡಚುತ್ತಿದ್ದ ಒಬ್ಬ ಮುದುಕಿ. ಆಕೆ ಏನನ್ನೂ ಕೇಳುತ್ತಿರಲಿಲ್ಲ, ಏನನ್ನೂ ತಿದ್ದುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ತನ್ನ ಮಂಡಿನೋವು, ತನ್ನ ಅಳಿಯನ ಸೋಮಾರಿತನ, ಇಷ್ಟೇ. "ಆ ಅಳಿಯನ ಮುಖ ನಾನು ಇವತ್ತಿಗೂ ನೋಡಿಲ್ಲ. ಆದ್ರೆ ಒಂದು ದಿನ ಅವನ ಮೇಲೆ ನಂಗೆ ನಿಜವಾಗ್ಲೂ ಸಿಟ್ಟು ಬಂತು. ಭಾಷೆ ಬಂತು ಅಂತ ಗೊತ್ತಾಗಿದ್ದೇ ಅವತ್ತು."

ದಿನಕ್ಕೆ ಸಾವಿರದ ಇನ್ನೂರು ಬೆಡ್‌ಶೀಟು, ಅದಕ್ಕಿಂತ ಹೆಚ್ಚು ದಿಂಬಿನ ಕವರು. ಇವುಗಳ ನಡುವೆಯೇ ಕಳೆದ ಹನ್ನೊಂದು ವರ್ಷದಲ್ಲಿ ಮೂವತ್ತೇಳು ಹೊಸಬರು ದೊಡ್ಡಕ್ಕನ ಎದುರು ತುದಿ ಹಿಡಿದು ನಿಂತು ಭಾಷೆ ಕಲಿತಿದ್ದಾರೆ. ಎಲ್ಲ ಗೆಲುವೇ ಅಲ್ಲ. ಮೊದಮೊದಲು ಬಂದವಳೊಬ್ಬಳು ಮೂರು ವರ್ಷ ಬರೀ ಕೇಳಿಸಿಕೊಂಡಳು. ಎಲ್ಲ ಅರ್ಥವಾಗುತ್ತಿತ್ತು. ಆದರೆ ತೋಳಿನ ಬಟ್ಟೆ ಇಸ್ತ್ರಿ ಯಂತ್ರಕ್ಕೆ ಸಿಕ್ಕಿಕೊಂಡ ದಿನ "ನಿಲ್ಲಿಸಿ" ಎಂದು ಕೂಗಲು ಬಾಯಿ ಬರಲಿಲ್ಲ. ಯಾರೋ ನೋಡಿ ಯಂತ್ರ ಆರಿಸಿದ್ದರಿಂದ ಕೈ ಉಳಿಯಿತು.

"ಅದು ನನ್ನ ತಪ್ಪು," ಎನ್ನುವಾಗ ದೊಡ್ಡಕ್ಕನ ಕೈ ಮಡಚುವುದನ್ನು ನಿಲ್ಲಿಸುತ್ತದೆ. "ಕಿವಿ ತುಂಬಿದ್ರೆ ಬಾಯಿ ತಾನಾಗೇ ಬರುತ್ತೆ ಅಂದ್ಕೊಂಡಿದ್ದೆ. ಎಲ್ಲರಿಗೂ ಹಾಗಲ್ಲ. ಬಾಯಿಗೂ ಒಂದು ಅಗತ್ಯ ಬೀಳಬೇಕು."

ಅಂದಿನಿಂದ ನಲವತ್ತು ದಿನ ಕಳೆದ ಮೇಲೆ ಒಂದು ಕಳ್ಳಾಟ ನಡೆಯುತ್ತದೆ. ಹೊಸಬರು ಎಣಿಸಿ ಜೋಡಿಸಿದ ಟ್ರಾಲಿಯಿಂದ ದೊಡ್ಡಕ್ಕ ಗೊತ್ತಾಗದಂತೆ ಐದು ದಿಂಬಿನ ಕವರು ತೆಗೆದುಬಿಡುತ್ತಾಳೆ. ಮೇಲಿನ ವಾರ್ಡಿನಲ್ಲಿ ನರ್ಸ್ ಕೇಳಿಯೇ ಕೇಳುತ್ತಾಳೆ. ಹೊಸಬರು ಏನಾದರೂ ಹೇಳಲೇಬೇಕು.

ಭಾಷಾಶಾಸ್ತ್ರ ಕಲಿಸುವ ಅಧ್ಯಾಪಕಿಯೊಬ್ಬರು ವಿಷಯ ತಿಳಿದು ಇಲ್ಲಿಗೆ ಬಂದು ಮೂರು ದಿನ ಬಟ್ಟೆಗಂಟಿನ ಮೇಲೆ ಕುಳಿತು ನೋಡಿದರು. ಎರಡನೆಯ ಭಾಷೆ ತಲೆಗಿಳಿಯುವ ಬಗೆಯ ಬಗ್ಗೆ ದೊಡ್ಡ ದೊಡ್ಡ ಸಿದ್ಧಾಂತಗಳಿವೆ ಎಂದರು. ಅರ್ಥವಾಗುವಂಥ ಮಾತು ಕಿವಿಗೆ ಬಿದ್ದರೆ ಸಾಕು ಎನ್ನುವವರಿದ್ದಾರೆ, ಹೇಳಿಸಿ ಹೇಳಿಸಿ ರೂಢಿ ಮಾಡಿಸಬೇಕು ಎಂದವರಿದ್ದರು. ಕೊಟ್ಟು ತೆಗೆದುಕೊಳ್ಳುವ ಮಾತುಕತೆಯಲ್ಲೇ ಭಾಷೆ ಬೆಳೆಯುತ್ತದೆ ಎನ್ನುವವರೂ ಇದ್ದಾರೆ. ಜಗಳ ಇನ್ನೂ ಮುಗಿದಿಲ್ಲ.

"ಅವರೂ ಜಗಳ ಆಡ್ತಾರಾ?" ದೊಡ್ಡಕ್ಕನಿಗೆ ಖುಷಿಯೋ ಖುಷಿ. "ಹಾಗಾದ್ರೆ ನಾನೊಬ್ಬಳೇ ಜಗಳಗಂಟಿ ಅಲ್ಲ."

"ಕೂಸಿನ ಹಾಗೆ ಕೇಳಿ ಕೇಳಿ ಕಲೀಲಿ ಅಂತೀರಿ. ದೊಡ್ಡವರು ಕೂಸಲ್ವಲ್ಲ?" ಎಂದು ಅಧ್ಯಾಪಕಿ ಕೆಣಕಿದರು.

"ಅಲ್ಲ ಟೀಚರಮ್ಮ. ಕೂಸಿಗೆ ನಾಚಿಕೆ ಇಲ್ಲ, ದೊಡ್ಡವರಿಗೆ ಮೈತುಂಬ ನಾಚಿಕೆ. ಕೂಸಿಗೇ ವರ್ಷ ಬಿಡ್ತೀವಿ, ಇವರಿಗೆ ನಲವತ್ತು ದಿನ ಕೊಡೋಕಾಗಲ್ವಾ?"

ಹತ್ತು ಗಂಟೆಗೆ ಮೇಲ್ವಿಚಾರಕರು ಬರುತ್ತಾರೆ. ಕೈಯಲ್ಲಿ ಫಾರಂ, ಅದರಲ್ಲಿ ಎರಡು ಚೌಕ: ಮಾತಾಡುತ್ತಾಳೆ, ಮಾತಾಡುವುದಿಲ್ಲ. ಮೊದಲ ಪ್ರಶ್ನೆಗೇ ಹೊಸಬಳು ತಲೆ ತಗ್ಗಿಸುತ್ತಾಳೆ. ಅವಳ ಬೆರಳು ಬೆಡ್‌ಶೀಟಿನ ಅಂಚನ್ನು ಹಿಂಡುತ್ತಿರುತ್ತದೆ.

"ಸಾಕು ಸರ್," ದೊಡ್ಡಕ್ಕ ನಡುವೆ ಬಂದು ನಿಲ್ಲುತ್ತಾಳೆ. "ಪ್ರಶ್ನೆ ಬಿಡಿ, ಕೆಲಸ ಹೇಳಿ. ನೀವೇ ಹೇಳಿ. ನಾನು ಕೈ ಕಟ್ಟಿ ಗೋಡೆ ಕಡೆ ತಿರುಗ್ತೀನಿ, ಸನ್ನೆ ಮಾಡಿದ್ಲು ಅಂತ ಆಮೇಲೆ ಅನ್ನಬೇಡಿ. ಒಂದು ತಪ್ಪು ಮಾಡಿದ್ರೂ ಅವಳ ಹೆಸರಿನ ಕೆಳಗೆ ನನ್ನ ಹೆಸರೂ ಬರ್ಕೊಳ್ಳಿ. ಇಬ್ಬರೂ ಹೋಗ್ತೀವಿ."

ಕೈ ಕಟ್ಟಿ ಗೋಡೆಗೆ ಮುಖ ಮಾಡುತ್ತಾಳೆ. ಮೇಲ್ವಿಚಾರಕರು ಬೇಕೆಂದೇ ಸುತ್ತಿ ಬಳಸಿ ಹೇಳುತ್ತಾರೆ: "ಕಿಟಕಿ ಪಕ್ಕದ ಗಂಟು ಬಿಚ್ಚು. ಹರಿದಿರೋದನ್ನೆಲ್ಲ ಹೊಲಿಗೆ ಬುಟ್ಟಿಗೆ ಹಾಕು. ಮಕ್ಕಳ ವಾರ್ಡಿಂದು ಮಾತ್ರ ಹಾಕಬೇಡ, ಮೇಜಿನ ಮೇಲಿಡು. ಆಮೇಲೆ ಬಾಗಿಲು ಮುಚ್ಚು, ಚಿಲಕ ಹಾಕಬೇಡ."

ಹೊಸಬಳು ಗಂಟು ಬಿಚ್ಚುತ್ತಾಳೆ. ಹರಿದದ್ದು ಒಂಬತ್ತು, ಏಳು ಬುಟ್ಟಿಗೆ, ಎರಡು ಮೇಜಿಗೆ. ಬಾಗಿಲು ಮುಚ್ಚಿ, ಚಿಲಕದ ಮೇಲೆ ಕೈಯಿಟ್ಟು, ಒಮ್ಮೆ ಮೇಲ್ವಿಚಾರಕರ ಮುಖ ನೋಡಿ, ಕೈ ತೆಗೆಯುತ್ತಾಳೆ.

"ಹದಿನೈದು ದಿನ," ಎನ್ನುತ್ತಾರೆ ಅವರು. "ಅಷ್ಟರೊಳಗೆ ಮಾತಾಡದಿದ್ರೆ ಕೆಲಸ ಇಲ್ಲ." ಚೌಕ ತುಂಬದೆ ಫಾರಂ ಅಲ್ಲೇ ಬಿಟ್ಟು ಹೋಗುತ್ತಾರೆ.

ನಲವತ್ತೆರಡನೆಯ ದಿನ ಬೆಳಗ್ಗೆ ಹೊಸಬಳ ಟ್ರಾಲಿ ಮೂರನೆಯ ಮಹಡಿಗೆ ಹೋಗುತ್ತದೆ. ದೊಡ್ಡಕ್ಕ ಐದು ದಿಂಬಿನ ಕವರು ಮಡಿಲಲ್ಲಿಟ್ಟುಕೊಂಡು ಫೋನಿನ ಪಕ್ಕದಲ್ಲೇ ಕೂರುತ್ತಾಳೆ. ಹತ್ತು ನಿಮಿಷಕ್ಕೆ ಫೋನು ಬಡಿದುಕೊಳ್ಳುತ್ತದೆ. ನರ್ಸ್ ಕೂಗುವುದು ಅಕ್ಕಪಕ್ಕದವರಿಗೂ ಕೇಳಿಸುತ್ತದೆ.

"ಯಾರನ್ನ ಕಳಿಸಿದ್ದೀಯ ದೊಡ್ಡಕ್ಕ? ಐದು ಕಡಿಮೆ ಇದೆ ಅಂದ್ರೆ ನನ್ನ ಮೇಲೇ ಎಗರಿ ಬೀಳ್ತಾಳೆ! 'ನಾನು ಎಣಿಸಿದೀನಿ. ಸರಿ ಇದೆ. ನೀವು ಇನ್ನೊಂದು ಸಲ ಎಣಿಸಿ' ಅಂತ ಟ್ರಾಲಿ ಹಿಡ್ಕೊಂಡು ನಿಂತಿದಾಳೆ, ಹೋಗ್ತಾನೇ ಇಲ್ಲ!"

ದೊಡ್ಡಕ್ಕ ಫೋನಿಟ್ಟು ನಗುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ. "ಮೊದಲ ಮಾತೇ ಜಗಳ! ಇನ್ನು ಇವಳ ಬಗ್ಗೆ ಭಯ ಇಲ್ಲ. ಅವಳ ಲೆಕ್ಕ ಸರಿಯಾಗೇ ಇತ್ತು. ಕದ್ದವಳು ನಾನು. ಹೋಗಿ ಕ್ಷಮೆ ಕೇಳ್ಬೇಕು."

ಹೊರಡುವ ಮುಂಚೆ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಫಾರಂ ತೆಗೆಯುತ್ತಾಳೆ. ಎರಡು ಚೌಕಗಳ ಕೆಳಗೆ ಅವಳ ಕೈಬರಹದ ಮೂರನೆಯ ಚೌಕವೊಂದಿದೆ: ಕೇಳಿಸಿಕೊಳ್ಳುತ್ತಿದ್ದಾಳೆ. ಹೊಸ ನಿಯಮ ಬಂದಾಗಿನಿಂದ ಪ್ರತಿ ಫಾರಂನಲ್ಲೂ ಇದನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಾಳೆ, ಮೇಲ್ವಿಚಾರಕರು ಅಳಿಸುತ್ತಾರೆ. ಇನ್ನೇನು ಬೇಕು ಎಂದು ಕೇಳಿದರೆ ಅವಳದು ಒಂದೇ ಆಸೆ: ಈ ಚೌಕ ಅಚ್ಚಾಗಿ ಬರಬೇಕು.

"ಅಚ್ಚು ಹಾಕೋವರೆಗೆ ನಾನೇ ಬರೀತೀನಿ," ಎನ್ನುತ್ತಾ ಪಕ್ಕದವಳ ಕಡೆ ಕೈ ಚಾಚುತ್ತಾಳೆ. "ಪೆನ್ನು ಕೊಡೇ. ಈ ಸಲ ಪೆನ್ಸಿಲ್ ಬೇಡ."